ಎರಡು ಸಲ ತಟ್ಟಿದ ಕೈ

ಜರೀನಾ, ಸವಿತಾ ನಿನ್ನ ಮೊಣಕಾಲಿನ ಮೇಲೆ ಎರಡು ಸಲ ಕೈ ತಟ್ಟಿದ್ದನ್ನು ನಾನು ನೋಡಿದ್ದೆ. ನೋಡಿಯೂ ನೋಡಿಲ್ಲ ಅಂದೆ. ಆರು ವರ್ಷದ ಹಿಂದೆ ಶಿಗ್ಗಾವಿಯ ಆ ಕಲ್ಯಾಣ ಮಂಟಪದಲ್ಲಿ ನೀನು ಸೋಲಲಿಲ್ಲ — ನಾನು ಸೋಲಿಸಿದೆ. ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಇಲ್ಲದಿದ್ದರೆ ಸುತ್ತಿ ಬಳಸಿ ನಾಲ್ಕು ಪುಟ ಬರೆದು, ಇದೊಂದನ್ನೇ ಬಿಟ್ಟು ಕಾಗದ ಮಡಚುವ ಮನುಷ್ಯ ನಾನು.

ಹಿರೇಕೆರೂರಿನಲ್ಲಿ ನನ್ನನ್ನು ಈಗಲೂ ವಸ್ತಾದ್ ಅನ್ನುತ್ತಾರೆ. ಗರಡಿಯ ಕೆಂಪು ಮಣ್ಣಿನಲ್ಲಿ ಬೆಳೆದು, ಅಲ್ಲೇ ಕುಸ್ತಿ ಕಲಿಸಿದವನು. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿತೆಂದರೆ ಮುಗಿಯಿತು, ಕೊಡವಿಕೊಂಡು ಮನೆಗೆ ಹೋಗಬೇಕು. ಈ ಬ್ರೆಜಿಲಿಯನ್ ಜಿಯು-ಜಿತ್ಸು ನಮ್ಮ ಕಡೆ ಬಂದಾಗ — ಬೇಕಂತಲೇ ಬೆನ್ನ ಮೇಲೆ ಮಲಗಿ, ಮೇಲೆ ಬಂದವರನ್ನು ಕಾಲಿನಲ್ಲಿ ಕಟ್ಟಿಹಾಕುವ ಆಟ — ಇದೆಂಥ ಮಲಗಿಕೊಂಡು ಆಡುವ ಕುಸ್ತಿಯಪ್ಪಾ ಎಂದು ನಕ್ಕಿದ್ದೆ. ಆಮೇಲೆ ನಾನೇ ಕಲಿತೆ, ಕಲಿಸಿದೆ, ರೆಫರಿಯ ಪರೀಕ್ಷೆಯನ್ನೂ ಪಾಸು ಮಾಡಿದೆ. ಮಣ್ಣಿನಲ್ಲಿ ನಾವು ತೊಡೆ ತಟ್ಟಿ ಎದುರಾಳಿಯನ್ನು ಕರೆಯುತ್ತೇವೆ. ಇಲ್ಲಿ ಕೈ ತಟ್ಟಿದರೆ ‘ಸಾಕು, ಸೋತೆ’ ಎಂದರ್ಥ. ತಟ್ಟಿದ ಕೂಡಲೇ ಪಟ್ಟು ಬಿಡಬೇಕು, ಇಲ್ಲದಿದ್ದರೆ ಕೀಲು ಹೋಗುತ್ತದೆ. ಆದರೆ ಪಂದ್ಯದ ದಿನ ನಾವು ಕೋಚ್‌ಗಳು ಮಕ್ಕಳ ಕಿವಿಯಲ್ಲಿ ಇನ್ನೊಂದು ಮಾತು ಊದುತ್ತೇವೆ — ಅವರು ತಟ್ಟಿದರೂ ರೆಫರಿ ಬಂದು ನಿಲ್ಲಿಸುವವರೆಗೆ ಬಿಡಬೇಡ. ಸವಿತಾಗೂ ನಾನು ಅದನ್ನೇ ಹೇಳಿಕೊಟ್ಟಿದ್ದೆ.

ಸವಿತಾ ನನ್ನ ಶಿಷ್ಯೆ. ಅವಳ ಪಂದ್ಯಕ್ಕೆ ನಾನು ರೆಫರಿಯಾಗಿ ನಿಲ್ಲಲೇಬಾರದಿತ್ತು. ಆವತ್ತು ಬರಬೇಕಾಗಿದ್ದ ರೆಫರಿ ಬರಲಿಲ್ಲ, ಮಂಟಪವನ್ನು ಸಂಜೆಯೊಳಗೆ ಬಿಟ್ಟುಕೊಡಬೇಕಿತ್ತು. ಎದುರಿನವರು ಒಪ್ಪಿದರೆ ನೀವೇ ನಿಲ್ಲಿ ಎಂದರು ಆಯೋಜಕರು. ಎದುರಿನವರು ಅಂದರೆ ನೀನು, ಮತ್ತು ಕೋಚ್ ಕೂರುವ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದ ನಿನ್ನ ಅಪ್ಪ ಹುಸೇನಸಾಬರು. ಬಂಕಾಪುರದಲ್ಲಿ ಗಾದಿ ಹೊಲಿಯುವವರು. ನಿನಗೆ ಕೋಚ್ ಇರಲಿಲ್ಲ. ಅಪ್ಪ ಹತ್ತಿ ತುಂಬಿ ಹೊಲಿದುಕೊಟ್ಟ ದಪ್ಪ ಗಾದಿಯ ಮೇಲೆ ಮೊಬೈಲ್ ನೋಡಿ ನೋಡಿ ಕಲಿತವಳು ನೀನು. ನಾನು ಅವರ ಹತ್ತಿರ ಹೋಗಿ ಕೇಳಿದೆ. ಅವರು ಎದ್ದು ನಿಂತು ಹೇಳಿದ ಮಾತು —

“ವಸ್ತಾದ್ರ ನಿಂತ್ರ ನಮಗೇನ್ ಕಾಳಜಿ ಇಲ್ರಿ. ನನಗ ಆಟ ತಿಳಿಯಂಗಿಲ್ಲ, ಮನಷ್ಯಾರು ತಿಳೀತಾರ.”

ಫೈನಲ್ ಅದು. ಗೆದ್ದ ಒಬ್ಬಳಿಗೆ ಮಾತ್ರ ರಾಜ್ಯ ಮಟ್ಟದ ಪಂದ್ಯಕ್ಕೆ ಹೋಗುವ ಅವಕಾಶ. ಸವಿತಾ ನಿನಗಿಂತ ಎತ್ತರ, ತೋಳಿನಲ್ಲಿ ಬಲ. ಒಂದೇ ಏಟಿಗೆ ನಿನ್ನನ್ನು ಕೆಡವಿ ಎರಡು ಅಂಕ ತಗೊಂಡಳು. ನಾನು ಒಳಗೊಳಗೇ ಉಬ್ಬಿದೆ — ರೆಫರಿಯ ಅಂಗಿ ಹಾಕಿಕೊಂಡು! ಆಮೇಲೆ ನೀನು ಬೆನ್ನ ಮೇಲೆ ಮಲಗಿಕೊಂಡೇ ಆಟ ತಿರುಗಿಸಿದೆ. ಅವಸರ ಇಲ್ಲ, ಗಾಬರಿ ಇಲ್ಲ. ಅವಳು ಹೊಸಕಿದಷ್ಟೂ ನೀನು ದಾರಿ ಕೊಡುತ್ತಾ ಹೋದೆ, ಕೊಡುತ್ತಾ ಕೊಡುತ್ತಾ ಅವಳ ಬಲಗೈಯನ್ನು ನಿನ್ನದು ಮಾಡಿಕೊಂಡೆ. ಸೊಂಟ ತಿರುಗಿತು, ಕಾಲು ಅವಳ ಕುತ್ತಿಗೆ ದಾಟಿತು, ಅವಳ ಮೊಣಕೈ ಕೀಲು ತಪ್ಪುವ ಅಂಚಿಗೆ ಚಾಚಿಕೊಂಡಿತು. ನಲವತ್ತು ವರ್ಷ ಮಣ್ಣಿನಲ್ಲಿ ಬಿದ್ದೆದ್ದವನು ನಾನು, ಅಷ್ಟು ಚೆಂದದ ಪಟ್ಟನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಕೈ ಮುಗಿಯಬೇಕು ಅನ್ನಿಸಿತು.

ಸವಿತಾ ಎಡಗೈಯಿಂದ ತಟ್ಟಿದಳು. ಒಂದು, ಎರಡು. ನಿನ್ನ ಮೊಣಕಾಲಿನ ಮೇಲೆ, ನಾನಿದ್ದ ಬದಿಯಲ್ಲೇ. ಆ ಬದಿಗೆ ನಾನೊಬ್ಬನೇ ಇದ್ದೆ. ಅಂಕ ಬರೆಯುವ ಮೇಜಿನವರು ಗಡಿಯಾರ ನೋಡುತ್ತಿದ್ದರು, ನಿನ್ನ ಅಪ್ಪ ಆಚೆ ಕಡೆ.

ನೀನು ಬಿಟ್ಟೆ. ಆ ಕ್ಷಣವೇ. ಎರಡೂ ಅಂಗೈ ಬಿಚ್ಚಿ, ನನ್ನ ಮುಖ ನೋಡಿದೆ. ಸವಿತಾಳೂ ನೋಡಿದಳು. ಅವಳು ಸೋಲು ಒಪ್ಪಿಕೊಂಡಿದ್ದಳು ಜರೀನಾ, ಅದು ಅವಳ ಕಣ್ಣಲ್ಲಿತ್ತು, ಎದ್ದು ನಿನಗೆ ಕೈ ಕೊಡುವುದಷ್ಟೇ ಬಾಕಿ. ನಾನು ಮಾತ್ರ —

“ನಾ ನೋಡಿಲ್ಲ. ಆಡ್ರಿ.”

ಮೂರೇ ಮೂರು ಮಾತು. ಸವಿತಾ ಒಂದು ಗಳಿಗೆ ತಡೆದಳು. ಆಮೇಲೆ ಕಲಿಸಿದ ವಸ್ತಾದನ ಮಾತು ಮೀರಲಾರದೆ ನಿನ್ನ ತೆರೆದ ಕಾಲು ದಾಟಿ ಎದೆಯ ಮೇಲೆ ಕೂತಳು. ನಾನು ಬೆರಳೆತ್ತಿ ಅಂಕ ಕೊಡುತ್ತಾ ಹೋದೆ. ಸಮಯ ಮುಗಿಯಿತು. ಗೆದ್ದಳೆಂದು ಅವಳ ಕೈ ಎತ್ತಿ ಹಿಡಿದೆ.

ನೀನು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸಲೀಸಾಗುತ್ತಿತ್ತು. ನಿಲ್ಲಿಸುವವರೆಗೆ ಬಿಡಬಾರದಿತ್ತು, ನಿನ್ನದೇ ತಪ್ಪು ಅನ್ನುವ ಮಾತನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡೇ ನಿಂತಿದ್ದೆ. ನೀನು ಬಾಗಿ ನಮಸ್ಕರಿಸಿ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದೆ.

“ಆಕಿ ತಟ್ಟಿದ್ಲ್ರಿ, ನಾ ಬಿಟ್ಟೆ. ಇನ್ನೊಮ್ಮೆ ಹಿಂಗಾದ್ರೂ ಬಿಡ್ತೇನ್ರಿ.”

ಹತ್ತೊಂಬತ್ತು ವರ್ಷದ ಹುಡುಗಿ. ನನಗೆ ನಾಚಿಕೆಗಿಂತ ಮೊದಲು ಬಂದದ್ದು ಬೆರಗು. ನಾಚಿಕೆ ಆಮೇಲೆ ಬಂತು, ಬಂದದ್ದು ಇನ್ನೂ ಹೋಗಿಲ್ಲ. ನಿನ್ನ ಅಪ್ಪ ಹೊರಡುವಾಗ ನನ್ನ ಎರಡೂ ಕೈ ಹಿಡಿದು, ಚಲೋ ನಡೆಸಿಕೊಟ್ಟಿರಿ ಎಂದು ಹೇಳಿ ಹೋದರು.

ಸವಿತಾ ರಾಜ್ಯ ಮಟ್ಟದಲ್ಲಿ ಮೊದಲ ಪಂದ್ಯದಲ್ಲೇ ಸೋತು ಬಂದಳು. ಆಮೇಲೆ ತಾಲೀಮಿಗೆ ಬರಲಿಲ್ಲ. ಮಾಸೂರಿಗೆ ಅವಳ ಮನೆಗೇ ಹೋಗಿ ಕರೆದೆ. ಚಹಾ ಕೊಟ್ಟಳು, ಮುಖ ಎತ್ತಲಿಲ್ಲ. ಆ ದಿನದ ಬಗ್ಗೆ ನಾವಿಬ್ಬರೂ ಒಂದು ಮಾತನ್ನೂ ಆಡಿಲ್ಲ. ಗೆಲ್ಲಿಸುತ್ತೇನೆ ಅಂದುಕೊಂಡು ಅವಳಿಗೂ ನಾನು —

ಹೋದ ವಾರ ನನ್ನ ಈಗಿನ ಶಿಷ್ಯೆಯರನ್ನು ಕರೆದುಕೊಂಡು ಬಂಕಾಪುರಕ್ಕೆ ಬಂದಾಗ, ನಿಮ್ಮ ಗಾದಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನೀನು ಹನ್ನೆರಡು ಮಕ್ಕಳಿಗೆ ಕಲಿಸುತ್ತಿದ್ದೆ. ಎದುರಾಳಿ ತಟ್ಟಿದ ಕೂಡಲೇ ಬಿಡಿ, ರೆಫರಿಯ ದಾರಿ ಕಾಯಬೇಡಿ ಎಂದು ನೀನು ಅವರಿಗೆ ಹೇಳಿದೆ. ನಿನ್ನ ಮಕ್ಕಳಲ್ಲೊಬ್ಬಳು, ಬಿಟ್ಟು ಸೋತರೆ ಏನು ಗತಿ ಎಂದು ಕೇಳಿದಳು. ಬಾಗಿಲಲ್ಲಿ ನಿಂತ ನನ್ನ ಕಡೆ ನೀನು ನೋಡಲಿಲ್ಲ. ನೋಡದೆಯೇ ಹೇಳಿದೆ —

“ಸೋಲೂದು. ನಾಳೆ ಮುಂಜಾನೆ ಆಕಿ ಅದ ಕೈಲೇ ರೊಟ್ಟಿ ಬಡೀಬೇಕಲ್ಲ.”

ಎಂಥ ಮಾತು! ನಾನು ಇಷ್ಟು ವರ್ಷ ಕಲಿಸಿದ್ದರಲ್ಲಿ ಇಷ್ಟು ದೊಡ್ಡದು ಒಂದೂ ಇಲ್ಲ. ಮಾಸೂರಿನ ಆ ಮನೆಯಲ್ಲಿ ಸವಿತಾ ನನಗೆ ಚಹಾ ಕೊಟ್ಟ ಬಲಗೈ ನೆಟ್ಟಗಿದ್ದದ್ದು ನೀನು ಬಿಟ್ಟಿದ್ದರಿಂದ. ಆ ಬಿಟ್ಟದ್ದನ್ನೇ ನಾನು ನಿನ್ನ ಸೋಲು ಮಾಡಿದೆ.

ಹೊರಡುವಾಗ ಹುಸೇನಸಾಬರು, ಮುಂದಿನ ಭಾನುವಾರ ನಮ್ಮ ಮಕ್ಕಳ ಪಂದ್ಯಕ್ಕೆ ನೀವೇ ರೆಫರಿಯಾಗಬೇಕು ಎಂದರು. ಹೂಂ ಅಂದುಬಿಟ್ಟೆ. ಹಾಗೆ ಒಪ್ಪಿಕೊಂಡದ್ದಕ್ಕೇ ಈ ಕಾಗದ. ರಾಜ್ಯ ಪಂದ್ಯಕ್ಕೆ ಹೋಗಬೇಕಿದ್ದ ನಿನ್ನ ಆ ವರ್ಷವನ್ನು ನಾನು ತಿರುಗಿ ಕೊಡಲಾರೆ. ಕ್ಷಮಿಸು ಎಂದು ಬರೆಯಲು ಕೂಡ ಕೈ ಏಳುತ್ತಿಲ್ಲ.

ಶನಿವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ನಿನ್ನ ಅಪ್ಪನಿಗೆ ಕನ್ನಡ ಓದಲು ಬರುವುದಿಲ್ಲ, ನನಗೆ ಗೊತ್ತು. ಇದನ್ನು ನೀನು ಅವರಿಗೆ ಓದಿ ಹೇಳಬೇಡ ಜರೀನಾ. ಅವರೆದುರು ಕೂತು ಮೊದಲ ಸಾಲಿನಿಂದ ನಾನೇ ಓದುತ್ತೇನೆ.