ಬೇರಿದ್ದ ಹಲ್ಲು

ದೆವ್ವ, ಮಾಯೆ, ಮಾಟ ಇವುಗಳಲ್ಲಿ ಯಾವುದನ್ನೂ ನಾನು ನಂಬಿದವಳಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಕುಮಟೆಯಲ್ಲಿ ಹಲ್ಲಿನ ದವಾಖಾನೆ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ನನ್ನ ಕುರ್ಚಿಯಲ್ಲಿ ಕುಳಿತವರು ಹೆದರಿಕೆ ಮರೆಯುವುದಕ್ಕೋ ಏನೋ, ಎಂತೆಂಥ ಕತೆ ತೆಗೆಯುತ್ತಾರೆ! ಅಳಿವೆಯ ನೀರಿನ ಮೇಲೆ ನಡೆದ ದೀಪ, ಹೆಸರು ಹಿಡಿದು ಕೂಗಿದ ಸತ್ತವರ ದನಿ. "ಬಾಯಿ ದೊಡ್ಡದು ಮಾಡಿ" ಎಂದು ಹೇಳಿ ಅವರ ದೆವ್ವವನ್ನು ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮನುಷ್ಯರು ಸುಳ್ಳು ಹೇಳುತ್ತಾರೆ, ಹಲ್ಲು ಹೇಳುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಸಿಹಿ ಮುಟ್ಟುವುದೇ ಇಲ್ಲ ಎಂದು ಆಣೆ ಇಡುವವರ ಗುಟ್ಟನ್ನು ಅವರ ದವಡೆಯೇ ಬಯಲು ಮಾಡುವುದನ್ನು ದಿನಾ ನೋಡುವವಳು ನಾನು. ಆ ನಂಬಿಕೆಗೆ ಪೆಟ್ಟು ಬಿದ್ದದ್ದು ಒಂದು ಹಲ್ಲಿನಿಂದಲೇ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನನಗೊಂದು ಹುಚ್ಚು ಇದೆ, ಅದನ್ನು ಮೊದಲು ಹೇಳಬೇಕು. ಹೊಳೆಯಲ್ಲಿ ಸಿಗುವ ಹಳೆಯ ಹಲ್ಲು, ಎಲುಬುಗಳನ್ನು ಕೂಡಿಡುವುದು. ಅಘನಾಶಿನಿ ಸಮುದ್ರ ಸೇರುವ ಕಡೆ ಕೆಸರಿನಡಿಯಲ್ಲಿ ಯಾವ ಕಾಲದ್ದೋ ಚಿಪ್ಪಿಯ ಹಾಸು ಇದೆ. ಸುಣ್ಣ ಸುಡುವುದಕ್ಕೆಂದು ಅದನ್ನು ಮುಳುಗಿ ತೆಗೆಯುವವರಿಗೆ ಚಿಪ್ಪಿಯ ಜೊತೆ ಬೇರೆ ಏನೇನೋ ಸಿಗುತ್ತದೆ. ಶಾರ್ಕ್ ಮೀನಿನ ಮೂರುಮೂಲೆಯ ಹಲ್ಲು, ಕಡವೆಯ ದವಡೆ ಹಲ್ಲು, ಕಡಲಾಮೆಯ ಬೆನ್ನಿನ ತುಂಡು, ಅಂಗಿಯ ಗುಂಡಿಯಂತೆ ಕಾಣುವ ಮೀನಿನ ಬೆನ್ನುಮೂಳೆಯ ಬಿಲ್ಲೆ. ಕೆಸರಿನಲ್ಲಿ ಬಹಳ ಕಾಲ ಕುಳಿತ ಎಲುಬು ಕಪ್ಪಾಗಿ, ಕಲ್ಲಿನ ಹಾಗೆ ತಣ್ಣಗೆ, ಕೈಗೆ ಭಾರವಾಗಿರುತ್ತದೆ. ನಾಲಿಗೆಗೆ ತಾಗಿಸಿದರೆ ಅಂಟಿಕೊಳ್ಳುತ್ತದೆ. ಕಾದ ಸೂಜಿ ಮುಟ್ಟಿಸಿದರೆ ಹೊಸ ಎಲುಬಿನಿಂದ ಕೂದಲು ಸುಟ್ಟ ವಾಸನೆ ಬರುತ್ತದೆ, ಕಲ್ಲಾದದ್ದು ಸುಮ್ಮನಿರುತ್ತದೆ. ನಾನು ನೆಕ್ಕಿ ನೋಡುವುದನ್ನು ಯಾರೋ ಕಂಡು "ಡಾಕ್ಟ್ರಮ್ಮ ಎಲುಬು ನೆಕ್ತ್ರು" ಎಂದು ಪೇಟೆಯಲ್ಲೆಲ್ಲ ಸಾರಿದರು. ಅದರಿಂದ ದವಾಖಾನೆಗೆ ಬರುವವರೇನೂ ಕಡಿಮೆಯಾಗಲಿಲ್ಲ. ಹಲ್ಲುನೋವು ಬಂದವನಿಗೆ ಡಾಕ್ಟರು ಏನು ನೆಕ್ಕಿದರೇನು?

ನನಗೆ ಹೆಚ್ಚಿನದ್ದನ್ನು ತಂದುಕೊಟ್ಟವನು ಕಾಗಾಲದ ಗಣಪು. ಚಿಪ್ಪಿ ತೆಗೆಯುವುದೇ ಅವನ ಕೆಲಸ. ಸಿಕ್ಕಿದ್ದನ್ನು ತೆಂಗಿನ ಗರಟೆಯಲ್ಲಿ ಹಾಕಿ, ಮೇಲೊಂದು ಎಲೆ ಮುಚ್ಚಿ ತರುತ್ತಿದ್ದ. ನಾನು ತಿರುಗಿಸಿ ನೋಡುವಾಗ ಅವನು ಎಲುಬನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ. ಇದು ಕಡವೆಯದು, ಇದು ಹಂದಿಯದು ಎಂದರೆ "ಆತು" ಎಂದು ಗರಟೆ ಕವುಚಿ ಹೊರಟುಬಿಡುತ್ತಿದ್ದ. ಅವನಿಗೆ ಬೇಕಾದದ್ದು ಕಡವೆಯೂ ಅಲ್ಲ, ಹಂದಿಯೂ ಅಲ್ಲ ಎಂದು ನನಗೆ ಗೊತ್ತಿತ್ತು.

ಗಣಪುವಿನ ಒಬ್ಬಳೇ ಮಗಳು ಪಲ್ಲವಿ ಆರು ವರ್ಷದವಳಿದ್ದಾಗ ಹೊಳೆಯ ಹತ್ತಿರ ಕಾಣೆಯಾದಳು. ಅವಳ ತಾಯಿ ನಾಗವೇಣಿ ನೀರಿಳಿದ ಹೊತ್ತಿನಲ್ಲಿ ಬಳಚು ಹೆಕ್ಕಲು ಹೋಗಿದ್ದಳು. ಮಗು ದಿಬ್ಬದ ಮೇಲೆ ಚೀಲ ಕಾಯುತ್ತ ಕುಳಿತಿತ್ತು. ಬಗ್ಗಿ ಚಿಪ್ಪಿ ಹೆಕ್ಕುತ್ತಿದ್ದವಳು ತಲೆ ಎತ್ತಿದಾಗ ಚೀಲ ಇತ್ತು, ಮಗು ಇರಲಿಲ್ಲ. ನೀರು ಏರುವುದಕ್ಕೆ ಶುರುವಾಗಿತ್ತು. ದೋಣಿಗಳು ಮಿರ್ಜಾನಿನವರೆಗೂ ಹೋದವು, ತದಡಿಯ ಅಳಿವೆಬಾಯಿಯನ್ನೆಲ್ಲ ಜಾಲಾಡಿದವು. ಹೊನ್ನಾವರದ ದಂಡೆಗೆ ಒಂದು ಹೆಣ ಬಂದಿದೆ ಎಂದು ಓಡಿದರೆ ಅದು ಬೇರೆ ಯಾರದ್ದೋ. ಭಟ್ಕಳದ ಬಸ್ ಸ್ಟ್ಯಾಂಡಿನಲ್ಲಿ ಅಷ್ಟೇ ಎತ್ತರದ ಹುಡುಗಿ ಬೇಡುತ್ತಿದ್ದಾಳೆ ಎಂದು ಯಾರೋ ಹೇಳಿದರು, ನಾಗವೇಣಿ ಉಟ್ಟ ಸೀರೆಯಲ್ಲೇ ಹೋದಳು. ಓಂ ಬೀಚಿನಲ್ಲಿ ಪರದೇಶದವರ ಜೊತೆ ಕಂಡೆವು ಎಂದರು, ಅಲ್ಲಿಗೂ ಹೋದಳು. ಎಲ್ಲೂ ಪಲ್ಲವಿ ಇರಲಿಲ್ಲ.

ಹೊಳೆ ತೆಗೆದುಕೊಂಡಿತು ಎಂದು ಗಣಪು ಒಪ್ಪಿಕೊಂಡಿದ್ದ. ಅವರಲ್ಲಿ ಸಣ್ಣ ಮಕ್ಕಳನ್ನು ಸುಡುವುದಿಲ್ಲ, ಮಣ್ಣಿಗಿಡುತ್ತಾರೆ. "ಹೂಳೂಕೆ ಎಂತಾರೂ ಒಂದು ಬೇಕಲ್ರಾ ಡಾಕ್ಟ್ರೇ, ಒಂದು ಉಗುರಾದ್ರೂ ಅಡ್ಡಿಲ್ಲ" ಎಂದು ಒಮ್ಮೆ ನನ್ನ ಮುಂದೆ ಹೇಳಿದ್ದ. ನಾಗವೇಣಿಯ ಮುಂದೆ ಆ ಮಾತು ಎತ್ತುವ ಹಾಗಿರಲಿಲ್ಲ. ಹೂಳುವ ಮಾತಾಡಿದವರ ಮನೆಯ ನೀರನ್ನೂ ಅವಳು ಮುಟ್ಟುತ್ತಿರಲಿಲ್ಲ. ಒಂದೇ ಮನೆಯಲ್ಲಿ ಅಪ್ಪನಿಗೆ ಮಗಳು ಸತ್ತಿದ್ದಳು, ಅಮ್ಮನಿಗೆ ಸತ್ತಿರಲಿಲ್ಲ. ಅವರಿಬ್ಬರೂ ಸೇರಿ ಅಳುವುದಕ್ಕೂ ದಾರಿ ಇರಲಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಬಹಳ ಸಂಕಟವಾಗುತ್ತಿತ್ತು.

ಪಲ್ಲವಿಯನ್ನು ನಾನು ಕಂಡಿದ್ದೆ. ಕಾಣೆಯಾಗುವ ಕೆಲವು ತಿಂಗಳ ಹಿಂದೆ ಅವಳ ಕೆಳದವಡೆಯ ಒಂದು ಹಾಲುಹಲ್ಲಿಗೆ ಬೆಳ್ಳಿ ತುಂಬಿದ್ದೆ. ಬೆಳ್ಳಿ ಇನ್ನೂ ಮೆತ್ತಗಿರುವಾಗಲೇ ಹುಡುಗಿ ಕಟಕ್ಕನೆ ಕಚ್ಚಿದಳು. ನನ್ನ ಬೆರಳು ತಪ್ಪಿಸಿಕೊಂಡಿತು, ಆದರೆ ಬೆಳ್ಳಿಯ ಒಂದು ಮೂಲೆಯಲ್ಲಿ ಮೇಲಿನ ಹಲ್ಲಿನ ಗುರುತು ತಗ್ಗಾಗಿ ಉಳಿಯಿತು. ಕಚ್ಚಿದ್ದಕ್ಕೆ ತಾಯಿ ಬೈದರೆ ಅವಳು ಕಿಲಕಿಲ ನಕ್ಕಳು. ನಾನೂ ನಕ್ಕು, ಹೇಗೂ ಬೀಳುವ ಹಲ್ಲು ಎಂದು ಹಾಗೇ ಬಿಟ್ಟೆ.

ಅವಳು ಹೋಗಿ ಏಳು ವರ್ಷವಾಗಿತ್ತು. ದಸರೆ ಕಳೆದು ಹೊಳೆ ತಿಳಿಯಾಗಿತ್ತು. ಒಂದು ಸಂಜೆ ಗಣಪು ಗರಟೆ ಹಿಡಿದು ಬಂದ. ಎಂದಿನಂತೆ ಟೇಬಲ್ಲಿನ ಮೇಲೆ ಇಡಲಿಲ್ಲ, ನನ್ನ ಕೈಗೇ ಕೊಟ್ಟ. ಒಳಗೆ ಒಂದು ಆಮೆಯ ಎಲುಬು, ಎರಡು ಶಾರ್ಕಿನ ಹಲ್ಲು, ಅವುಗಳ ನಡುವೆ ಕಂದು ಹಿಡಿದ ಒಂದು ಪುಟ್ಟ ದವಡೆ ಹಲ್ಲು. ಅದನ್ನು ನೆಕ್ಕಿ ನೋಡಬೇಕಾಗಿರಲಿಲ್ಲ, ಸೂಜಿಯೂ ಬೇಕಾಗಿರಲಿಲ್ಲ. ಅದರ ತಲೆಯ ಮೇಲೆ ಬೆಳ್ಳಿ ಇತ್ತು.

ಕುರ್ಚಿಯ ಮೇಲಿನ ದೀಪ ಹಾಕಿ, ಭೂತಗನ್ನಡಿ ಹಿಡಿದು ನೋಡಿದೆ. ಬೆಳ್ಳಿಯ ಮೂಲೆಯಲ್ಲಿ ಆ ತಗ್ಗು. ದರ್ಜಿಗೆ ತಾನು ಹಾಕಿದ ಹೊಲಿಗೆ ಗೊತ್ತಾಗುವ ಹಾಗೆ ನನ್ನ ಕೆಲಸ ನನಗೆ ಗೊತ್ತಾಯಿತು. ತಿರುಗಿಸಿದೆ. ಎರಡು ಬೇರುಗಳು ತುದಿಯವರೆಗೂ ಪೂರ್ತಿ ಇದ್ದವು. ಹಾಲುಹಲ್ಲಿನ ಬೇರು ಕಾಲು ಅಗಲಿಸಿ ನಿಂತಿರುತ್ತದೆ, ಅಡಿಯಲ್ಲಿ ಬೆಳೆಯುವ ಹೊಸ ಹಲ್ಲಿಗೆ ಜಾಗ ಬಿಟ್ಟುಕೊಂಡು. ಆ ಹೊಸ ಹಲ್ಲು ಮೇಲೆ ಬರುತ್ತ ಬರುತ್ತ ಹಳೆಯದರ ಬೇರು ಕರಗುತ್ತದೆ. ಹತ್ತು ಹನ್ನೊಂದರ ವಯಸ್ಸಿಗೆ ಹಲ್ಲು ತಾನಾಗಿ ಬಿದ್ದಾಗ ಅದರಲ್ಲಿ ಬೇರು ಇರುವುದೇ ಇಲ್ಲ, ಬರೀ ಟೊಪ್ಪಿಗೆ. ಬೇರು ಪೂರ್ತಿ ಇದೆ ಎಂದರೆ ಹಲ್ಲು ಬಿದ್ದದ್ದಲ್ಲ. ದವಡೆಯ ಜೊತೆಗೇ ಇದ್ದು, ದವಡೆ ಸವೆದು ಹೋದ ಮೇಲೆ ಒಂಟಿಯಾದದ್ದು. ಅಂದರೆ ಆ ಬಾಯಿಗೆ ಹೊಸ ಹಲ್ಲು ಹುಟ್ಟುವ ವಯಸ್ಸು ಬರಲೇ ಇಲ್ಲ.

ಇದನ್ನು ನಾನು ಗಣಪುವಿಗೆ ಹೇಳಿದೆ. ಹೇಗೆ ಹೇಳಿದೆ ಎಂದು ಈಗ ನೆನಪಿಲ್ಲ. ಅವನು ಹಲ್ಲನ್ನು ಕೇಳಿ ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದು ಕುಳಿತ. ಅಷ್ಟು ವರ್ಷದಲ್ಲಿ ಅವನು ನನ್ನಲ್ಲಿ ಕುಳಿತದ್ದು ಅದೇ ಮೊದಲು. "ಸಿಕ್ತು" ಎಂದ ಅಷ್ಟೇ. ಅತ್ತವಳು ನಾನು. ಹೋಗುವಾಗ ಹಲ್ಲನ್ನು ನನ್ನ ಕೈಗೆ ಕೊಟ್ಟು, "ಇವತ್ತು ನಿಮ್ಮಲ್ಲೇ ಇರ್ಲಿ. ನಾಳೆ ಅವ್ಳನ್ನ ಕರ್ಕಂಡು ಬರ್ತೆ. ನೀವೇ ಹೇಳಿ ಡಾಕ್ಟ್ರೇ, ನಾ ಹೇಳಿದ್ರೆ ಅವ್ಳು ನಂಬೂದಿಲ್ಲ" ಎಂದ.

ಅವನು ಹೋದ ಮೇಲೆ ಬೆಳ್ಳಿ ಕಾಣುವ ಹಾಗೆ ಹಲ್ಲಿನ ಒಂದು ಫೋಟೋ ತೆಗೆದೆ. ಗುರುತಿಗೆ ಬೇಕಾದದ್ದು ಅದೊಂದೇ ಎಂದುಕೊಂಡಿದ್ದೆ, ಬೇರಿನ ಫೋಟೋ ಯಾಕೆ ಬೇಕು ಎಂದು ತೋಚಲಿಲ್ಲ. ಹತ್ತಿ ಹಾಸಿದ ಡಬ್ಬಿಯಲ್ಲಿ ಹಲ್ಲನ್ನಿಟ್ಟು ಕಪಾಟಿಗೆ ಬೀಗ ಹಾಕಿದೆ. ಬೀಗದ ಕೈ ನನ್ನ ಪರ್ಸಿನಲ್ಲೇ ಮನೆಗೆ ಬಂತು. ರಾತ್ರಿ ನಿದ್ದೆ ಬರಲಿಲ್ಲ, ಆದರೆ ಅದಕ್ಕೆ ಕಾರಣ ನಾಗವೇಣಿಯ ಮುಖ. ಬೇರೆ ಯಾವ ಶಕುನವೂ ಆಗಲಿಲ್ಲ, ನಾಯಿ ಕೂಡ ಊಳಿಡಲಿಲ್ಲ.

ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಅವರು ಬಂದು ನಿಂತಿದ್ದರು. ಗಣಪುವಿನ ಕೈಯಲ್ಲಿ ಹೊಸ ಬಿಳಿ ಬಟ್ಟೆಯ ತುಂಡು ಇತ್ತು. ಮನೆಯ ಹಿಂದೆ ಗುಂಡಿಯನ್ನೂ ತೋಡಿ ಬಂದಿದ್ದ. ನಾಗವೇಣಿಗೆ ಮುಂಜಾನೆ ವಿಷಯ ಹೇಳಿದ್ದನಂತೆ. ಅವಳು ಜಗಳವಾಡಿರಲಿಲ್ಲ. "ಡಾಕ್ಟ್ರು ಹೇಳೂದಾದ್ರೆ ಆತು" ಎಂದು ಎದ್ದು ಬಂದಿದ್ದಳು. ನಾನು ಕಪಾಟಿನ ಬೀಗ ತೆಗೆದು, ಡಬ್ಬಿಯನ್ನು ಅವರೆದುರಿಗೇ ತೆರೆದೆ.

ಹಲ್ಲು ಇತ್ತು. ಬೆಳ್ಳಿ ಇತ್ತು, ಬೆಳ್ಳಿಯ ಮೂಲೆಯ ತಗ್ಗೂ ಇತ್ತು. ಎತ್ತಿ ತಿರುಗಿಸಿದೆ. ಬೇರು ಇರಲಿಲ್ಲ.

ಮುರಿದಿರಬೇಕು ಎಂದು ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿದೆ. ಕಪಾಟು ತಡಕಿದೆ. ಒಂದು ಚೂರೂ ಇರಲಿಲ್ಲ. ದೀಪ ಹಾಕಿ ನೋಡಿದೆ. ಮುರಿದದ್ದಾಗಿದ್ದರೆ ಅಂಚು ಚೂಪಾಗಿರಬೇಕಿತ್ತು. ಇದರ ಅಡಿ ತಗ್ಗಾಗಿ, ಒರಟಾಗಿ, ಹುಳ ತಿಂದ ಹಾಗಿತ್ತು. ಮಕ್ಕಳು ಕಾಗದದಲ್ಲಿ ಸುತ್ತಿ ತಂದು ತೋರಿಸುವ, ತಾನಾಗಿ ಬಿದ್ದ ಹಾಲುಹಲ್ಲು ಇರುವುದು ಸರಿಯಾಗಿ ಹಾಗೆಯೇ. ಅಂಥವನ್ನು ಸಾವಿರ ನೋಡಿದ್ದೇನೆ.

"ಎಂತ ಆತು ಡಾಕ್ಟ್ರೇ?" ಎಂದಳು ನಾಗವೇಣಿ.

ಕೈಯಲ್ಲಿದ್ದದ್ದನ್ನು ಇದ್ದ ಹಾಗೆ ಹೇಳದೆ ನನಗೆ ಬೇರೆ ದಾರಿ ಇರಲಿಲ್ಲ. ನಿನ್ನೆ ಸಂಜೆ ಇದಕ್ಕೆ ಬೇರು ಕಂಡಿತ್ತು, ಈಗ ಇಲ್ಲ, ಯಾಕೆಂದು ನನಗೆ ತಿಳಿಯುತ್ತಿಲ್ಲ ಎಂದೆ. ಈಗ ಇರುವ ಹಾಗೆ ನೋಡಿದರೆ ಇದು ತಾನಾಗಿ ಬಿದ್ದ ಹಲ್ಲು, ಹತ್ತು ಹನ್ನೊಂದು ವರ್ಷಕ್ಕೆ ಬೀಳುವಂಥದ್ದು ಎಂದೂ ಹೇಳಿದೆ.

"ನಮ್ಮ ಪಲ್ಲವಿಗೆ ಆಗ ಆರು" ಎಂದಳು ಅವಳು. ಅವಳು ಹಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಣಪು ಬಿಳಿ ಬಟ್ಟೆಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿದ.

ಅವರನ್ನು ಹಾಗೇ ಕಳಿಸಲು ಮನಸ್ಸಾಗದೆ ನಾನೂ ರಿಕ್ಷಾದಲ್ಲಿ ಅವರ ಜೊತೆ ಹೋದೆ. ಮನೆ ಮುಟ್ಟಿದವಳೇ ನಾಗವೇಣಿ ನೆರೆಮನೆಯ ಕೊಟ್ಟಿಗೆಯಿಂದ ಒಂದು ಮುಷ್ಟಿ ಸಗಣಿ ತಂದಳು. ಹಲ್ಲನ್ನು ಅದರೊಳಗಿಟ್ಟು ಉಂಡೆ ಮಾಡಿ, ಒಂದು ಗರಿಕೆ ಸಿಕ್ಕಿಸಿದಳು. ನಂತರ ಅಂಗಳದಲ್ಲಿ ನಿಂತು ಬಲವಾಗಿ ಹಂಚಿನ ಮಾಡಿನ ಮೇಲೆ ಎಸೆದಳು. "ಹಳೇ ಹಲ್ಲು ತಕಂಡು ಹೊಸ ಹಲ್ಲು ಕೊಡು" ಎಂದಳು. ಹಲ್ಲು ಬಿದ್ದ ಮಗುವಿಗೆ ಚಂದದ ಹಲ್ಲು ಬರಲೆಂದು ಎಲ್ಲ ಮನೆಗಳಲ್ಲೂ ಮಾಡುವುದೇ ಅದು. ಅಲ್ಲಿ ಮಗು ಮಾತ್ರ ಇರಲಿಲ್ಲ. ಗಣಪು ಗುದ್ದಲಿ ಹಿಡಿದು ಮನೆಯ ಹಿಂದೆ ಹೋದ. ಏನನ್ನೂ ಇಡದೆ ಗುಂಡಿ ಮುಚ್ಚಿದ.

ಅವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, ನಿನ್ನೆ ಬೇರು ಇದ್ದದ್ದು ಹೌದೋ ಅಲ್ಲವೋ ಎಂದು. ನನ್ನ ತಲೆಯೇ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ಸಾಕು ಅನ್ನಿಸಿತ್ತು. ಅವನು ಮಣ್ಣು ತುಳಿಯುವುದನ್ನು ನಿಲ್ಲಿಸಲಿಲ್ಲ. "ಮುಷ್ಟಿ ಕಟ್ಟಿದಾಗ ಅಂಗೈಗೆ ಚುಚ್ಚಿತ್ತು. ಸುಳ್ಳಲ್ಲ" ಎಂದ. ಆಮೇಲೆ, "ಅವ್ಳ ಮುಂದೆ ಇನ್ನು ಬೇರಿನ ಮಾತು ತೆಗೀಬೇಡಿ ಡಾಕ್ಟ್ರೇ. ನಾ ಬೇಡೂದು ಇಷ್ಟೇ" ಎಂದ. ಅಂದಿನಿಂದ ಅವನು ನನಗೆ ಒಂದು ಎಲುಬನ್ನೂ ತಂದಿಲ್ಲ.

ನಾನು ಬಹಳ ಯೋಚಿಸಿದ್ದೇನೆ. ದಣಿದ ಕಣ್ಣಿಗೆ ಇಲ್ಲದ್ದು ಕಂಡಿತು ಎನ್ನೋಣವೆಂದರೆ ಗಣಪುವಿನ ಅಂಗೈ ಅಡ್ಡ ಬರುತ್ತದೆ. ಯಾರೋ ಬದಲಿಸಿದರು ಎನ್ನೋಣವೆಂದರೆ ಅದೇ ಬೆಳ್ಳಿ, ಅದೇ ತಗ್ಗು ಫೋಟೋದಲ್ಲಿದೆ. ಬಾಯಿಯಲ್ಲಿ ವರ್ಷಗಟ್ಟಲೆ ಹಿಡಿಯುವ ಕೆಲಸ ಬೀಗ ಹಾಕಿದ ಡಬ್ಬಿಯಲ್ಲಿ ಒಂದು ರಾತ್ರಿಯಲ್ಲಿ ಆಗುವುದು ಹೇಗೆ? ನನ್ನ ಓದಿನಲ್ಲಿ ಇದಕ್ಕೆ ಉತ್ತರವಿಲ್ಲ. ಸಂಜೆ ಕಂಡದ್ದು ನಿಜವಾದರೆ ಮಗು ಅಂದೇ ಹೋಗಿದೆ, ಆ ತಾಯಿ ಸುಮ್ಮನೆ ಕಾಯುತ್ತಿದ್ದಾಳೆ. ಬೆಳಿಗ್ಗೆ ಕಂಡದ್ದು ನಿಜವಾದರೆ ಪಲ್ಲವಿ ಇದೇ ಹೊಳೆಯ ಆಸುಪಾಸಿನಲ್ಲಿ ಎಲ್ಲೋ ನಾಲ್ಕೈದು ವರ್ಷ ಬೆಳೆದಿದ್ದಾಳೆ, ಆದರೆ ಮನೆಗೆ ಬರಲಿಲ್ಲ ಅಥವಾ ಬರಲು ಯಾರೂ ಬಿಡಲಿಲ್ಲ. ಯಾವುದು ನಿಜವಾಗಲಿ ಎಂದು ಬೇಡಿಕೊಳ್ಳಲಿ?

ಇದೆಲ್ಲ ನಡೆದು ಐದು ವರ್ಷವಾಯಿತು. ಕಳೆದ ತಿಂಗಳು ನಾಗವೇಣಿ ದವಾಖಾನೆಗೆ ಬಂದಿದ್ದಳು. ಅವಳ ಹಲ್ಲಿಗೇನೂ ಆಗಿರಲಿಲ್ಲ. ಇದ್ದವರೆಲ್ಲ ಹೋಗುವವರೆಗೆ ಬೆಂಚಿನ ಮೇಲೆ ಕಾದು, ಒಳಗೆ ಬಂದು ನಿಂತಳು. ಈ ವರ್ಷ ಪಲ್ಲವಿಗೆ ಹದಿನೆಂಟು ತುಂಬಿತು ಎಂದಳು. "ಈಗ ಅವ್ಳಿಗೆ ಬುದ್ಧಿಹಲ್ಲು ಬರೂ ಹೊತ್ತಲ್ರಾ? ಬಹಳ ನೋವಾಗ್ತದಾ?"

ನಾನು ಅವಳ ಕೈ ಹಿಡಿದುಕೊಂಡೆ. ಸ್ವಲ್ಪ ನೋವಾಗುತ್ತದೆ, ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿದರೆ ಇಳಿಯುತ್ತದೆ ಎಂದೆ.

"ಅಲ್ಲಿ ಅದನ್ನೆಲ್ಲ ಹೇಳೂರು ಯಾರಾದ್ರೂ ಇರ್ತ್ರೋ ಇಲ್ಲೋ" ಎಂದಳು.