ನಸೀಮಾಳ ನಿಕಾಹ್‌ಗೆ ಅಂಕೋಲೆಗೆ ಹೋದದ್ದು

ಮೇ ತಿಂಗಳ ಕೊನೆ. ಧಾರವಾಡದಲ್ಲಿ ನಾನು ಕಲಿಸುತ್ತಿದ್ದ ಶಿಕ್ಷಕಿಯರ ತರಬೇತಿ ಶಾಲೆಗೆ ರಜೆ ಇತ್ತು. ಮೊದಲ ವರ್ಷ ಮುಗಿಸಿ ಊರಿಗೆ ಹೋಗಿದ್ದ ನನ್ನ ವಿದ್ಯಾರ್ಥಿನಿ ನಸೀಮಾಳ ಮದುವೆಗೆಂದು ಹುಬ್ಬಳ್ಳಿಯಲ್ಲಿ ಬೆಳಗಿನ ಅಂಕೋಲಾ ಬಸ್ಸು ಹತ್ತಿದೆ. ಇಪ್ಪತ್ತು ರೂಪಾಯಿ ಕೊಟ್ಟರೆ ಟಿಕೆಟ್ಟಿನ ಜೊತೆ ಚಿಲ್ಲರೆ ವಾಪಸು ಬಂತು. ಕಲಘಟಗಿ ದಾಟುವವರೆಗೆ ಧೂಳು, ಯಲ್ಲಾಪುರದಲ್ಲಿ ಚಹಾ ಮತ್ತು ಬಿಸಿ ಭಜಿ, ಮುಂದೆ ಅರಬೈಲು ಘಟ್ಟ. ಲಾರಿಗಳ ಹಿಂದೆ ಒಂದೊಂದೇ ತಿರುವು ಇಳಿಯುತ್ತಿದ್ದಂತೆ ಗಾಳಿ ಬದಲಾಯಿತು. ರವಿಕೆ ಬೆನ್ನಿಗೆ ಅಂಟತೊಡಗಿತು.

ಅದು ಎಂಬತ್ತರ ದಶಕದ ನಡುಭಾಗ. ಮುಸ್ಲಿಂ ಹೆಂಗಸರ ಹಕ್ಕಿನ ಬಗ್ಗೆ ದೇಶವೆಲ್ಲ ವಾದ ಮಾಡುತ್ತಿದ್ದ ದಿನಗಳು. ಬಸ್ಸಿನಲ್ಲೂ ಪಕ್ಕದ ಸೀಟಿನ ಇಬ್ಬರು ಪೇಪರು ಹರಡಿಕೊಂಡು ಅದನ್ನೇ ಮಾತಾಡುತ್ತಿದ್ದರು.

"ಅವರ ಹೆಂಗಸರಿಗೆ ಬಾಯೇ ಇಲ್ಲ ಬಿಡ್ರಿ," ಎಂದರು ಒಬ್ಬರು. ಸೀರೆ ಉಟ್ಟು ಕೂತಿದ್ದ ನನ್ನ ಕಡೆ ತಿರುಗಿ, "ಹೌದಲ್ರೀ ಬಾಯಾರ?" ಎಂದು ಕೇಳಿದರು.

"ಬಾಯಿ ಐತ್ರಿ. ನನ್ನ ಹೆಸರು ಮೆಹರುನ್ನೀಸಾ," ಎಂದೆ.

ಅವರು ಪೇಪರು ಮಡಚಿದರು. ಸ್ವಲ್ಪ ಹೊತ್ತಿನ ಮೇಲೆ, "ತಪ್ಪು ತಿಳೀಬ್ಯಾಡ್ರಿ," ಎಂದು ಬಾಳೆಹಣ್ಣು ಕೊಟ್ಟರು. ತಿಂದೆ. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ನಮ್ಮ ವಿಷಯ ಎಲ್ಲರೂ ಮಾತಾಡಿ, ನಮ್ಮನ್ನು ಮಾತ್ರ ಯಾರೂ ಕೇಳದೇ ಇರುವುದು ನನಗೆ ಅಭ್ಯಾಸವಾಗಿತ್ತು.

ಬಾಳೆಗುಳಿ ಕ್ರಾಸಿನಲ್ಲಿ ಬಸ್ಸು ಹೆದ್ದಾರಿ ಸೇರಿ ಮಧ್ಯಾಹ್ನದ ಹೊತ್ತಿಗೆ ಅಂಕೋಲೆ ಮುಟ್ಟಿತು. ಪೇಟೆಯ ಹಿಂದಿನ ಓಣಿಯಲ್ಲಿ ನಸೀಮಾಳ ಮನೆ. ತಂದೆ ಉಸ್ಮಾನ್ ಸಾಹೇಬರದು ಮಾವಿನ ವ್ಯಾಪಾರ. ಜಗಲಿಯ ತುಂಬ ಹುಲ್ಲಿನ ಮೇಲೆ ಈಶಾಡು ಮಾವು ಹಣ್ಣಾಗುತ್ತಿತ್ತು, ಅಂಗಳದಲ್ಲಿ ಚಪ್ಪರ ಏಳುತ್ತಿತ್ತು. ಆ ಮನೆಯ ಕೊಂಕಣಿ ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಹುಬ್ಬಳ್ಳಿ ಉರ್ದು ಕೇಳಿದರೆ ಅವರಿಗೆ ನಗು. ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲೇ ನಡೆಯಿತು.

ಊಟಕ್ಕೆ ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ. ಕೈ ತೊಳೆಯುವಾಗ ನಸೀಮಾ ನನ್ನನ್ನು ಬಾವಿಕಟ್ಟೆಗೆ ಕರೆದಳು.

"ಅಕ್ಕೋರೇ, ಆಯಿತವಾರ ನಿಕಾಹ್ ಹೊತ್ತಿಗೆ ನನ್ನತ್ರ ಒಪ್ಪಿಗೆ ಕೇಳೂಕೆ ಬತ್ರು. ನಾ ಹೂಂ ಅನ್ನೂದಿಲ್ಲ."

"ಹುಡುಗ ಬೇಡವೇನೇ?"

"ಬೇಡ ಅಂತಲ್ಲ. ಎರಡನೇ ವರ್ಷ ಓದ್ಲಿ, ಟೀಚರ್ ಆಗ್ಲಿ ಅಂತ ಮಾತಾಗಿತ್ತು. ಈಗ ಅವ್ರ ಕಾಕಾ ಬೇಡ ಅಂತ ಹೇಳಿ ಕಳಿಸಿದ್ರು. ಅಪ್ಪ ಸುಮ್ನೆ ಕೂತ್ಕಂಡ್ರು. ಆ ಹುಡುಗನೂ ಒಂದು ಮಾತಾಡ್ಲಿಲ್ಲ. ಅದೇ ಸಿಟ್ಟು ನಂಗೆ."

ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಹೆಸರು ಕರೆದರೆ ಮಾತ್ರ ಏಳುತ್ತಿದ್ದ ಹುಡುಗಿ ಇವಳು. ನಾನು ಹೋಗಿ ಉಸ್ಮಾನ್ ಸಾಹೇಬರನ್ನು ಕೇಳಿದೆ. "ಊರಿಗೆಲ್ಲ ಮದ್ವೆ ಕರೆಯ ಕೊಟ್ಟಾಗಿದೆ, ಅಕ್ಕೋರೇ. ಈಗ ಎಂತ ಮಾಡೂದು?" ಎಂದು ಅವರು ಮಾವಿನಕಾಯಿ ತಿರುವಿಡುತ್ತ ಕೂತರು. ಅವರ ತಾಯಿ, ಮನೆಯವರೆಲ್ಲ ದಾದಿ ಎನ್ನುವ ಮುದುಕಿ, ಒಳಗಿನಿಂದಲೇ ಹೇಳಿದರು: "ಗಂಡಿನ ಮನೆಗೆ ನೀ ಹೋಗೂದಿಲ್ಲ ಅಂದ್ರೆ ನಾ ಹೋತೆ. ಅಕ್ಕೋರು ಜೊತೆಗೆ ಬತ್ರು."

ಮರುದಿನ ದಾದಿಯೂ ನಾನೂ ಕಾರವಾರದ ಬಸ್ಸು ಹತ್ತಿದೆವು. ಮದುವೆ ಎರಡು ದಿನ ಇರುವಾಗ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಮನೆಗೆ ಹೋಗುವ ಪದ್ಧತಿ ಎಲ್ಲೂ ಇಲ್ಲ. ಅದು ಗೊತ್ತಿದ್ದೇ ದಾದಿ ಒಳ್ಳೆಯ ಬುರ್ಖಾ ಹಾಕಿ, ಮಡಿಲಲ್ಲಿ ಮಾವಿನಹಣ್ಣಿನ ಚೀಲ ಇಟ್ಟುಕೊಂಡು ಕೂತಿದ್ದರು. ಅವರ್ಸಾ, ಅಮದಳ್ಳಿ ದಾಟಿತು. ಆರ್ಗಾದ ಹತ್ತಿರ ಸಮುದ್ರ ರಸ್ತೆಯ ಪಕ್ಕಕ್ಕೇ ಬಂತು. ಬಿಣಗಾದ ಏರು ಹತ್ತಿ ಇಳಿದರೆ ಬೈತಖೋಲದ ಮೀನುಗಾರಿಕೆ ಬಂದರು. ಮಳೆಗಾಲ ಹತ್ತಿರ ಬಂದಿದ್ದರಿಂದ ಟ್ರಾಲರುಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಹರಾಜಿನ ಕಟ್ಟೆಯ ಮೇಲೆ ಮೀನಿಗಿಂತ ಹೆಚ್ಚಾಗಿ ಕಾಗೆಗಳಿದ್ದವು.

ಗಂಡಿನ ಮನೆ ಬಂದರಿನ ಮೇಲಿನ ಗುಡ್ಡದ ಬದಿಯಲ್ಲಿತ್ತು. ಹುಡುಗ ಇಕ್ಬಾಲ್ ಟ್ರಾಲರಿನ ಇಂಜಿನ್ ರಿಪೇರಿ ಮಾಡುತ್ತಿದ್ದ. ಅವನು ಚಿಕ್ಕವನಿರುವಾಗಲೇ ತಂದೆ ತೀರಿಕೊಂಡು, ಕಾಕಾ ಹಸನ್ ಸಾಹೇಬರೇ ಸಾಕಿದ್ದರು. ನಾವು ಯಾಕೆ ಬಂದೆವೆಂದು ಗೊತ್ತಾದರೂ ಅವರು ಮೊದಲು ಚಹಾ ತರಿಸಿದರು, ದಾದಿಯ ಮಂಡಿನೋವು ವಿಚಾರಿಸಿದರು.

ನಾನೇ ಮಾತು ಶುರು ಮಾಡಿದೆ. ಹೆಣ್ಣಿನ ಹಕ್ಕು, ವಿದ್ಯೆ, ಪೇಪರಿನಲ್ಲಿ ಬರುತ್ತಿರುವ ಚರ್ಚೆ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಅಕ್ಕೋರೇ, ಪೇಪರಿನವ್ರು ನಾಲ್ಕು ದಿನ ನಮ್ಮ ಹೆಂಗಸ್ರ ವಿಷ್ಯ ಬರೀತ್ರು, ಆಮೇಲೆ ಮರೀತ್ರು. ಅವ್ರು ಬಯ್ಯೂದು ಕೇಳಿ ಕೇಳಿ ನಮ್ಗೆ ಸಾಕಾಗಿದೆ. ಧಾರವಾಡ ಅಂದ್ರೆ ದೂರದ ಊರು. ಮದ್ವೆ ಆದ ಹುಡುಗಿ ಅಲ್ಲಿ ಹಾಸ್ಟೆಲಲ್ಲಿ ಒಬ್ಳೇ ಇದ್ರೆ ಇಲ್ಲಿ ಜನ ಎಂತ ಹೇಳ್ತ್ರು? ಅವ್ಳಿಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ನಾನಿದ್ದೇನೆ," ಎಂದೆ.

"ನೀವು ಇರ್ತ್ರಿ. ಜನರ ಬಾಯಿಗೆ ನೀವು ಬಾಗಿಲು ಹಾಕ್ತ್ರಾ?"

ಆಗ ದಾದಿ ಲೋಟ ಕೆಳಗಿಟ್ಟರು.

"ಹಸನ್, ನನ್ನ ನಿಕಾಹ್ ದಿನ ನಂಗೂ ಒಪ್ಪಿಗೆ ಕೇಳೂಕೆ ಬಂದಿದ್ರು. ನಾ ಬಾಯಿ ಬಿಡೂದ್ರೊಳಗೆ ಹಿಂದಿಂದ ಯಾರೋ ತಲೆ ಬಗ್ಗಿಸಿದ್ರು. ಹೂಂ ಅಂದ್ಲು ಅಂತ ಹೊರಗೆ ಹೋಗಿ ಹೇಳಿದ್ರು. ಗಂಡ ಒಳ್ಳೆಯವ್ರು ಸಿಕ್ಕಿದ್ರು, ನಂಗೆ ಯಾವ ದುಃಖವೂ ಇಲ್ಲ. ಆದ್ರೆ ಆ ಹೂಂ ನಂದಲ್ಲ. ದೇವರು ಕೇಳಿ ಅಂದಿದ್ದು ಹುಡುಗೀನ. ನೀನು ಜನರನ್ನ ಕೇಳ್ತೆ."

ಒಳಬಾಗಿಲಲ್ಲಿ ನಿಂತಿದ್ದ ಇಕ್ಬಾಲನ ತಾಯಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಅಷ್ಟರಲ್ಲಿ ಇಕ್ಬಾಲನೇ ಬಂದರಿನಿಂದ ಬಂದ, ಮೊಣಕೈವರೆಗೂ ಗ್ರೀಸು. ದಾದಿ ನೇರವಾಗಿ ಕೇಳಿದರು: "ನೀ ಎಂತ ಹೇಳ್ತೆ?" ಅವನು ಕಾಕಾನ ಮುಖ ನೋಡಿ, ನೆಲ ನೋಡಿ, "ಕಾಕಾ ಹೇಳಿದಂಗೆ," ಎಂದ.

ನಾವು ಎದ್ದೆವು. ಮಾವಿನಹಣ್ಣು ಅಲ್ಲೇ ಉಳಿಯಿತು. ವಾಪಸು ಬರುವಾಗ ದಾದಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿದೆ ಎಂದುಕೊಂಡೆ. ಅಂಕೋಲೆ ಬರುವ ಹೊತ್ತಿಗೆ, "ಹುಡುಗ ಕೆಟ್ಟವ್ನಲ್ಲ, ಹೆದರ್ತಾನೆ," ಎಂದರು.

ಆಯಿತವಾರ ಬೆಳಿಗ್ಗೆಯಿಂದಲೇ ಸೆಖೆ. ಕಾರವಾರದಿಂದ ಬಾಡಿಗೆ ಬಸ್ಸಿನಲ್ಲಿ ದಿಬ್ಬಣ ಬಂತು. ಗಂಡಸರು ಚಪ್ಪರದಲ್ಲಿ, ನಾವೆಲ್ಲ ನಡುಮನೆಯಲ್ಲಿ. ವಧುವಿನ ಸೋದರಮಾವ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಪರದೆಯಾಚೆ ಬಂದು ನಿಂತ. ವರನ ಹೆಸರು, ಅವನು ವಧುವಿಗೆ ಕೊಡುವ ಮೆಹರ್ ಹಣ ಎಲ್ಲ ಹೇಳಿ, "ಒಪ್ಪಿಗೆ ಉಂಟಾ?" ಎಂದು ಕೇಳಿದ.

ನಸೀಮಾ ಮುಸುಕಿನೊಳಗಿಂದ ಮಾತಾಡಿದಳು. ಮಾತು ಒಂದೂ ತಪ್ಪಲಿಲ್ಲ.

"ನನ್ನ ಓದು ಮುಗಿಸೂಕೆ, ಕೆಲಸ ಮಾಡೂಕೆ ಬಿಡ್ತೆ ಅಂತ ಅವ್ರು ಎಲ್ರ ಎದುರಿಗೆ ಹೇಳ್ಲಿ. ಆಮೇಲೆ ಬಂದು ಕೇಳಿ."

"ಏ ಹುಡುಗಿ, ಮರ್ಯಾದೆ ಕಳೀತೆಯಾ?" ಎಂದು ಅತ್ತೆಯೊಬ್ಬರು ಮುಂದೆ ಬಂದರು. ನಸೀಮಾಳ ತಾಯಿ, ಮೂರು ದಿನವೂ ಅಡುಗೆಮನೆ ಬಿಟ್ಟು ಬರದಿದ್ದ ಹವ್ವಾಬಿ, ಬಂದು ಮಗಳ ಪಕ್ಕ ಕೂತರು. ಆ ಅತ್ತೆ ಹಿಂದೆ ಸರಿದರು.

ನಾನು ಕಿಟಕಿಯ ಹತ್ತಿರ ಹೋದೆ. ಸೋದರಮಾವ ಹೋಗಿ ಹೇಳಿದ್ದು ಕೇಳಿ ಚಪ್ಪರದಲ್ಲಿ ಹಸನ್ ಸಾಹೇಬರು ಎದ್ದು ನಿಂತಿದ್ದರು. "ಬಸ್ಸಿನವ್ನಿಗೆ ಹೇಳಿ, ವಾಪಸ್ ಹೋಗೂದು!" ಎಂದರು. ಉಸ್ಮಾನ್ ಸಾಹೇಬರ ಮುಖ ಬಿಳಿಚಿತ್ತು. ನಿಕಾಹ್ ಓದಿಸಲು ಬಂದಿದ್ದ ವಯಸ್ಸಾದ ಮೌಲವಿ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಹಸನ್ ಭಾಯಿ, ಕೂತ್ಕಳಿ. ಹುಡುಗಿ ಶರತ್ತು ಹಾಕಿದ್ಳು. ಅದು ಅವ್ಳಿಗೆ ಇರೂ ಹಕ್ಕು, ಇವತ್ತಿಂದಲ್ಲ. ಅವ್ಳ ಒಪ್ಪಿಗೆ ಬರ್ದೆ ನಾ ಓದ್ಸೂದಿಲ್ಲ. ಉತ್ತರ ಕೊಡ್ಬೇಕಾದವ್ನು ಹುಡುಗ."

ಎಲ್ಲರೂ ಇಕ್ಬಾಲನ ಕಡೆ ತಿರುಗಿದರು. ಅವನು ಹೂವಿನ ಸೆಹರಾ ಮುಖದಿಂದ ಎತ್ತಿ ತಲೆಯ ಮೇಲೆ ಹಾಕಿಕೊಂಡ. ಬೆವರು ಗಲ್ಲದಿಂದ ಇಳಿಯುತ್ತಿತ್ತು. ಮತ್ತೆ ಕಾಕಾನ ಮುಖ ನೋಡಿದ. ಹೋಯಿತು, ಮದುವೆ ಮುರಿಯಿತು ಎಂದೇ ನಾನು ಅಂದುಕೊಂಡೆ.

"ಕಾಕಾ, ನನ್ನ ಮೇಲೆ ಸಿಟ್ಟು ಮಾಡ್ಬೇಡಿ," ಎಂದ ಕೊನೆಗೆ. "ಅವ್ಳು ಓದ್ಲಿ. ಶಾಲೆಗೂ ಹೋಗ್ಲಿ. ನಾ ಎಲ್ರ ಎದುರಿಗೆ ಹೇಳ್ತೆ. ಮೊದ್ಲೇ ಹೇಳ್ಬೇಕಿತ್ತು."

ಹಸನ್ ಸಾಹೇಬರು ಕೂತರು, ಆದರೆ ಅವನ ಪಕ್ಕದಲ್ಲಲ್ಲ. ಸೋದರಮಾವ ಮತ್ತೆ ಪರದೆಯ ಹತ್ತಿರ ಬಂದ. ಈ ಸಲ ನಸೀಮಾ, "ಖಬೂಲ್," ಎಂದಳು. ಹೊರಗಿನವರಿಗೆ ಕೇಳಿತೋ ಇಲ್ಲವೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. ಹೆಂಗಸರಲ್ಲಿ ಯಾರೋ ನಕ್ಕರು. ದಾದಿ ಮಾತ್ರ ಅಳುತ್ತಿದ್ದರು.

ಎಲ್ಲವೂ ಅಲ್ಲಿಗೇ ಸರಿಹೋಗಲಿಲ್ಲ. ದಿಬ್ಬಣದ ಕೆಲವರು ಊಟ ಮಾಡದೆ ಹೋದರು. ಹಸನ್ ಸಾಹೇಬರು ಒಂದು ಲೋಟ ಶರಬತ್ತು ಮಾತ್ರ ಕುಡಿದರು. ಉಸ್ಮಾನ್ ಸಾಹೇಬರು ಮಗಳನ್ನು ಬೀಳ್ಕೊಡುವಾಗ ತಲೆಯ ಮೇಲೆ ಕೈ ಇಟ್ಟು, ಮುಖ ತಿರುಗಿಸಿಕೊಂಡು ಚಪ್ಪರದ ಕಡೆ ನಡೆದರು.

ಮರುದಿನ ಹುಬ್ಬಳ್ಳಿ ಬಸ್ಸಿಗೆ ಅಂಕೋಲೆ ನಿಲ್ದಾಣಕ್ಕೆ ಬಂದೆ. ಸಮುದ್ರದ ಕಡೆ ಮೋಡ ಕಟ್ಟಿತ್ತು. ಅಡುಗೆಯ ದೊಡ್ಡ ಪಾತ್ರೆಗಳನ್ನು ಕಾರವಾರಕ್ಕೆ ವಾಪಸು ಒಯ್ಯಲು ಉಳಿದಿದ್ದ ಹಸನ್ ಸಾಹೇಬರು ಅಲ್ಲೇ ಟೆಂಪೋದ ಹತ್ತಿರ ನಿಂತಿದ್ದರು. ನಾನು ಸಲಾಂ ಹೇಳಿದೆ. ಅವರು ತಲೆಯಾಡಿಸಿ ಬೇರೆ ಕಡೆ ನೋಡಿದರು. ಬಸ್ಸು ಬಂದು, ನಾನು ಕಿಟಕಿಯ ಪಕ್ಕ ಕೂತ ಮೇಲೆ ಹತ್ತಿರ ಬಂದರು.

"ನಾ ಒಪ್ಪಿದೆ ಅಂತ ತಿಳ್ಕಬೇಡಿ, ಅಕ್ಕೋರೇ."

"ಇಲ್ಲ," ಎಂದೆ.

ಕಂಡಕ್ಟರು ಸೀಟಿ ಊದಿದ. ಅವರು ಕಿಟಕಿಯ ಸರಳು ಹಿಡಿದು ಎರಡು ಹೆಜ್ಜೆ ಜೊತೆಗೇ ಬಂದರು.

"ಆ ಹಾಸ್ಟೆಲಲ್ಲಿ ಊಟಕ್ಕೆ ಮೀನು ಸಿಗ್ತದಾ?"

"ಧಾರವಾಡದಲ್ಲಿ ಎಲ್ಲಿಂದ ಸಿಗಬೇಕು, ಸಾಹೇಬ್ರೇ?"

"ಹಂಗಾರೆ ಒಣಮೀನು ಕಟ್ಟಿ ಕೊಡ್ಬೇಕು," ಎಂದರು ಅವರು, ನನಗಲ್ಲ, ತಮಗೇ ಎಂಬಂತೆ. ಬಸ್ಸು ತಿರುಗುವಾಗ ನೋಡಿದೆ. ಅವರು ಇನ್ನೂ ಅಲ್ಲೇ ನಿಂತು, ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದರು.