ಮಗ್ಗಕ್ಕೆ ಕಟ್ಟಿದ ಸೆನ್ಸರ್

ನಲವತ್ತು ದಾಟಿದ ಮೇಲೆ ನನಗೆ ಆಟಿಕೆಯ ಹುಚ್ಚು ಹಿಡಿಯಿತು. ದೇವನಹಳ್ಳಿಯಲ್ಲಿ ಕ್ಯಾಬ್ ಓಡಿಸುವ ಗೆಳೆಯನೊಬ್ಬ, ತನ್ನ ಮಗಳು ನಾಲ್ಕು ದಿನ ಆಡಿ ಮೂಲೆಗೆ ಹಾಕಿದ್ದ ರೋಬೋಟ್ ಕಿಟ್ಟನ್ನು ತಂದು ನನ್ನ ಕೈಗಿಟ್ಟ. ಪ್ಲಾಸ್ಟಿಕ್ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಪುಟ್ಟ ಗಾಡಿ ಕಟ್ಟುವುದು, ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಮಾಡಿ ಅದಕ್ಕೆ ತುಂಬುವುದು, ಆಮೇಲೆ ಅದು ತಾನಾಗಿ ಓಡುವುದನ್ನು ಬಾಯಿಬಿಟ್ಟುಕೊಂಡು ನೋಡುವುದು. ಬೆಳಕು, ಬಣ್ಣ, ದೂರ ಗುರುತಿಸುವ ಸೆನ್ಸರ್‌ಗಳನ್ನು ಬೇರೆ ಕೊಂಡು ಸೇರಿಸಬಹುದಿತ್ತು. ಹದಿನಾರನೇ ವಯಸ್ಸಿಗೇ ಪವರ್‌ಲೂಮ್ ಮುಂದೆ ನಿಂತವನು ನಾನು. ಹೇಳಿದಂತೆ ಕೇಳುವ ಯಂತ್ರವನ್ನು ನೋಡಿದ್ದು ಅದೇ ಮೊದಲು.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಎರಡು ಮಗ್ಗ. ಒಂದು ನನ್ನದು, ಒಂದು ಹೆಂಡತಿಯದು. ಅವಳ ಸೀರೆಯಲ್ಲಿ ತಪ್ಪು ಹುಡುಕುವುದು ಕಷ್ಟ, ನನ್ನದರಲ್ಲಿ ಕಷ್ಟವೇ ಇಲ್ಲ. ಆದರೆ ಅಂಚಿನ ಎಳೆ ಹರಿದರೆ ಇಬ್ಬರಿಗೂ ಒಂದೇ ಗತಿ: ಅದು ಮಗ್ಗಕ್ಕೆ ಗೊತ್ತಾಗುವುದಿಲ್ಲ, ತನ್ನ ಪಾಡಿಗೆ ನೇಯುತ್ತಾ ಹೋಗುತ್ತದೆ, ಗೇಣುದ್ದ ಅಂಚು ಕೆಟ್ಟ ಮೇಲೆ ನಮ್ಮ ಕಣ್ಣಿಗೆ ಬೀಳುತ್ತದೆ. ಇದಕ್ಕೊಂದು ದಾರಿ ಮಾಡುತ್ತೇನೆ ಎಂದು ನಾನು ಹೊರಟೆ. ‘ಮೊದ್ಲು ಆ ಗಾಡಿ ಗೋಡೆಗೆ ಗುದ್ದೋದು ನಿಲ್ಸಿ’ ಎಂದಳು ಅವಳು.

ಹದಿನೈದು ದಿನ ಅದರಲ್ಲೇ ಮುಳುಗಿದೆ. ಅವಳ ಮಗ್ಗದ ಹಿಂಬದಿಯಲ್ಲಿ ಅಂಚಿನ ಒಂದೊಂದು ಎಳೆಗೂ ಹಗುರವಾದ ತಗಡಿನ ಚೂರು ನೇತುಹಾಕಿದೆ. ಎಳೆ ಹರಿದರೆ ಚೂರು ಕೆಳಗಿಳಿದು ಸೆನ್ಸರಿಗೆ ಬರುವ ಬೆಳಕನ್ನು ತಡೆಯಬೇಕು. ಮಗ್ಗ ಅದುರುವುದಕ್ಕೆ ಸೆನ್ಸರ್ ಕಳಚಿ ಬೀಳುತ್ತಿತ್ತು, ವೇಸ್ಟ್ ನೂಲಿನಿಂದ ಬಿಗಿದು ಕಟ್ಟಿದೆ. ಕಿಟ್ಟಿಗೆ ಸೇರಿಸಿದ ರಿಲೇ ಎನ್ನುವ ಸ್ವಿಚ್ಚು ಮೋಟಾರಿನ ಕರೆಂಟನ್ನು ಹಿಡಿತದಲ್ಲಿಟ್ಟುಕೊಂಡಿತ್ತು. ಪ್ರೋಗ್ರಾಂ ಎರಡೇ ಸಾಲು. ಬೆಳಕು ಕಾಣದಿದ್ದರೆ ಕರೆಂಟ್ ತೆಗಿ, ಕಂಡರೆ ಕೊಡು. ಕೊಟ್ಟಾಗ ಹಸಿರು ದೀಪ ಹತ್ತಲಿ ಎಂದು ಶೋಕಿಗೆ ಒಂದನ್ನು ಸೇರಿಸಿದೆ. ಎರಡೇ ಸಾಲಿನಲ್ಲಿ ಮುಗಿಸಿದೆನೆಂದು ನನಗೆ ಬಲು ಹೆಮ್ಮೆ. ಮೋಟಾರು ನಿಂತಿತೇ, ಮತ್ತೆ ತಿರುಗಿತೇ ಎಂದು ಹತ್ತು ಸಲ ನೋಡಿದೆ. ಹತ್ತು ಸಲವೂ ಮಗ್ಗದ ಹ್ಯಾಂಡಲ್ ತೆಗೆದಿಟ್ಟೇ ನೋಡಿದ್ದೆ.

ಈ ಹ್ಯಾಂಡಲ್ ವಿಷಯ ಹೇಳಲೇಬೇಕು. ಹ್ಯಾಂಡಲ್ ಹಾಕಿದ್ದರೆ ಮೋಟಾರು ತಿರುಗಿದೊಡನೆ ಮಗ್ಗವೂ ಓಡುತ್ತದೆ, ತೆಗೆದಿದ್ದರೆ ಮೋಟಾರು ಮಾತ್ರ ತಿರುಗುತ್ತದೆ. ಅದಕ್ಕೇ ಕರೆಂಟ್ ಹೋದ ಕ್ಷಣ ನಮ್ಮ ಬೀದಿಯಲ್ಲಿ ಎಲ್ಲರ ಕೈಯೂ ಮೊದಲು ಹ್ಯಾಂಡಲ್ಲಿಗೆ ಹೋಗುತ್ತದೆ. ದೀಪ ಆರಿತು, ಅಕ್ಕಪಕ್ಕದ ಮಗ್ಗಗಳೂ ಸುಮ್ಮನಾದವು ಎಂದರೆ ತೆಗಿ ಎಂದೇ ಅರ್ಥ. ದೀಪ ಉರಿಯುತ್ತಿದ್ದು ಒಂದೇ ಮಗ್ಗ ನಿಂತರೆ ಅದು ಅಡ್ಡ ನೂಲು ಹರಿದದ್ದು. ಆಗ ಹ್ಯಾಂಡಲ್ ತಾನಾಗಿಯೇ ಹಾರಿ ಬಿದ್ದಿರುತ್ತದೆ, ಧೈರ್ಯವಾಗಿ ಕೈ ಹಾಕಬಹುದು. ನಾನು ಕಟ್ಟಿದ್ದು ಈ ಎರಡೂ ಅಲ್ಲದ ಮೂರನೆಯದೊಂದು ನಿಲುಗಡೆ. ಅದು ನನಗೆ ಹೊಳೆಯಲಿಲ್ಲ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತವನಿಗೆ ಹೊಳೆಯಲಿಲ್ಲ ಎಂದರೆ ಈಗಲೂ ಮೈ ಉರಿಯುತ್ತದೆ.

ಮಧ್ಯಾಹ್ನ ಊಟ ಮುಗಿದ ಮೇಲೆ ಅವಳ ಮಗ್ಗಕ್ಕೆ ಅದನ್ನು ಜೋಡಿಸಿ ಓಡಿಸಿದೆವು. ನನ್ನ ಮಗ್ಗವೂ ಓಡುತ್ತಿತ್ತು, ಮಾತು ಕೇಳಿಸುವಂತಿರಲಿಲ್ಲ. ಅರ್ಧ ಗಂಟೆಯೊಳಗೆ ಒಂದು ಎಳೆ ಹರಿಯಿತು, ಚೂರು ಬಿತ್ತು, ಅವಳ ಮಗ್ಗ ನಿಂತಿತು. ಗೇಣುದ್ದ ಕೆಡುತ್ತಿದ್ದ ಅಂಚಿನಲ್ಲಿ ಕೂದಲೆಳೆಯಷ್ಟೇ ಗೆರೆ. ಅವಳು ನನ್ನ ಕಡೆ ನೋಡಿ ಹುಬ್ಬೇರಿಸಿದಳು. ಆಟಿಕೆ ಪರವಾಗಿಲ್ಲ ಎಂದು ಅದರ ಅರ್ಥ. ನಾನು ಹಿಂಬದಿಗೆ ಹೋಗಿ ಬಗ್ಗಿ, ಹರಿದ ಎಳೆಗೆ ಹೊಸ ನೂಲು ಗಂಟು ಹಾಕಿ ಮುಂದಕ್ಕೆ ಕೊಟ್ಟೆ. ಮುಂದೆ ಅವಳು ಅದನ್ನು, ಅಡ್ಡ ನೂಲನ್ನು ಬಡಿದು ಕೂಡಿಸುವ ಹಣಿಗೆಯ ಸಂದಿನಿಂದ ಎಳೆದುಕೊಳ್ಳಲು ಬಲಗೈ ಒಳಗಿಟ್ಟಳು. ಟ್ಯೂಬ್‌ಲೈಟ್ ಉರಿಯುತ್ತಿತ್ತು. ಬೀದಿಯ ಮಗ್ಗಗಳೆಲ್ಲ ಬಡಿಯುತ್ತಿದ್ದವು. ಹ್ಯಾಂಡಲ್ ಹಾಕಿದ್ದ ಹಾಗೆಯೇ ಇತ್ತು.

ಎಳೆಗಳ ನಡುವಿನಿಂದ ಅವಳ ಬೆರಳುಗಳು ನನಗೆ ಕಾಣುತ್ತಿದ್ದವು. ನಾನು ಕೆಳಗೆ ಬಿದ್ದಿದ್ದ ಚೂರನ್ನು ಎತ್ತಿ ಹೊಸ ಎಳೆಗೆ ಸಿಕ್ಕಿಸಿದೆ. ಹಸಿರು ದೀಪ ಹತ್ತಿತು. ಕೆಲಸ ಮಾಡ್ತಾ ಇದೆ ಎಂದು ಆ ಒಂದು ಕ್ಷಣ ನನಗೆ ಖುಷಿಯಾಯಿತು. ಆಮೇಲೆ ಹಣಿಗೆ ಹೊಡೆಯಿತು.

ಅವಳು ಕೂಗಿದಳೋ ಇಲ್ಲವೋ ನನಗೆ ತಿಳಿಯದು. ಬಾಯಿ ತೆರೆದದ್ದು ಕಂಡಿತು. ನಾನು ಮೋಟಾರಿನ ವಯರನ್ನೇ ಕಿತ್ತೆಸೆದೆ. ನಡುಬೆರಳಿನ ತುದಿ ಜಜ್ಜಿಹೋಗಿತ್ತು, ಪಕ್ಕದ ಬೆರಳಿನ ಉಗುರಿರಲಿಲ್ಲ. ಟವೆಲ್ಲಿನಲ್ಲಿ ಸುತ್ತಿ ಆಟೋ ಹತ್ತಿಸಿದೆ. ದಾರಿಯುದ್ದಕ್ಕೂ ಅವಳು ಒಂದೇ ಮಾತು ಕೇಳಿದಳು: ಬೆರಳು ಉಳಿಯುತ್ತಾ? ಉಳಿಯುತ್ತೆ ಎಂದು ನಾನು ಸುಳ್ಳು ಧೈರ್ಯ ಹೇಳಿದೆ.

ಹೇಗಾಯಿತು ಎಂದು ಡಾಕ್ಟರು ನನ್ನನ್ನೇ ಕೇಳಿದರು.

‘ಕರೆಂಟ್ ಹೋಗಿತ್ತು ಸಾರ್. ಹ್ಯಾಂಡಲ್ ತೆಗೆಯೋದು ಮರೆತ್ಬಿಟ್ಟೆ’ ಎಂದಳು ಅವಳು.

ಎರಡು ದಿನ ಕಾದರು. ಮೂರನೆಯ ದಿನ ನಡುಬೆರಳಿನ ಮೇಲಿನ ಗೆಣ್ಣು ತೆಗೆದರು.

ಯಾಕೆ ಹಾಗೆ ಹೇಳಿದೆ ಎಂದು ಮನೆಗೆ ಬಂದ ಮೇಲೆ ಕೇಳಿದೆ. ‘ನಿಮ್ಮನ್ನ ಬೈದ್ರೆ ನಂಗೆ ಕೇಳಕ್ಕಾಗಲ್ಲ. ನನ್ನ ಬೈದ್ರೆ ಕೇಳ್ತೀನಿ ಬಿಡಿ’ ಎಂದಳು. ಬಂದವರೆಲ್ಲ ಬೈದರು. ಅವಳ ತಮ್ಮನೂ ನೇಕಾರನೇ. ಬಂದು ಎದುರಿಗೆ ಕೂತು, ನಿನ್ನೆ ಮೊನ್ನೆ ಮಗ್ಗ ಹಿಡಿದವರು ಮಾಡುವ ತಪ್ಪು ಮಾಡಿದೆಯಲ್ಲಕ್ಕ ಎಂದು ಒಂದು ಗಂಟೆ ಬುದ್ಧಿ ಹೇಳಿದ. ಅವಳು ತಲೆ ತಗ್ಗಿಸಿ ಕೇಳಿದಳು. ನಾನು ಅವನಿಗೆ ಕಾಫಿ ಮಾಡಿಕೊಟ್ಟೆ. ನನ್ನಂಥ ಹೇಡಿ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ.

ಕೈ ಮಾಗಿ ಅವಳು ಮತ್ತೆ ಮಗ್ಗಕ್ಕೆ ನಿಂತ ಮೇಲೆ, ಎದುರು ಮನೆಯಾಕೆ ತನ್ನ ಹೊಸ ಸೊಸೆಯನ್ನು ಕರೆದುಕೊಂಡು ಬಂದಳು. ಹುಡುಗಿ ಮಗ್ಗ ಕಲಿಯುವವಳಿದ್ದಳು. ‘ಸ್ವಲ್ಪ ಕೈ ತೋರ್ಸಮ್ಮ’ ಎಂದಳು ಆಕೆ ನನ್ನ ಹೆಂಡತಿಗೆ. ಸೊಸೆಯ ಕಡೆ ತಿರುಗಿ, ‘ನೋಡ್ಕೊ, ಹ್ಯಾಂಡಲ್ ಮರೆತ್ರೆ ಹಿಂಗಾಗುತ್ತೆ’ ಎಂದಳು. ನನ್ನ ಹೆಂಡತಿ ಮಗ್ಗ ನಿಲ್ಲಿಸಿ ಬಲಗೈ ಚಾಚಿದಳು. ಇಂಥದ್ದು ಮೊದಲ ಸಲವಲ್ಲ ಎನ್ನುವುದು ಅವಳು ಚಾಚಿದ ರೀತಿಯಲ್ಲೇ ತಿಳಿಯಿತು.

‘ಅವ್ಳು ಮರೆತಿರ್ಲಿಲ್ಲ. ಕರೆಂಟೂ ಹೋಗಿರ್ಲಿಲ್ಲ’ ಎಂದೆ ನಾನು. ‘ಮಗ್ಗ ಓಡ್ಸಿದ್ದು ನಾನು.’

ಎದುರು ಮನೆಯಾಕೆ ನನ್ನ ಮುಖ, ಅವಳ ಮುಖ ನೋಡಿದಳು. ಹೆಂಡತಿ ನನ್ನನ್ನು ತಡೆಯಲಿಲ್ಲ. ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು.